ಮಾದರಿಗೆ ಹೋದ ಹೇಮಪ್ಪ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಊರಿನ ಕಾಗದಪತ್ರವೆಲ್ಲ ನನ್ನ ಯಂತ್ರದೊಳಗೆ ಹೋಗಿಯೇ ಹೊರಬೀಳಬೇಕು. ಹೀಗಾಗಿ ಯಾರ ಹೊಲ ಯಾರ ಹೆಸರಿಗಾಯಿತು, ಯಾರ ಮಗ ಎಷ್ಟನೇ ಸಲ ಇಂಗ್ಲಿಷಿನಲ್ಲಿ ಫೇಲಾದ, ಎಲ್ಲವೂ ನನಗೆ ಬೇಡವೆಂದರೂ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಗುಣ ನನಗಿಲ್ಲ. ನನ್ನ ಹೆಂಡತಿ ನಾಗರತ್ನಾ ಇದನ್ನೊಂದು ಕಾಯಿಲೆ ಎನ್ನುತ್ತಾಳೆ. ಇರಲಿ, ಈಗ ಹೇಳಹೊರಟಿರುವುದು ಹೇಮಪ್ಪನ ಕಾಯಿಲೆಯ ವಿಷಯ. ಅದರಲ್ಲಿ ನನ್ನ ತಪ್ಪೂ ಅರ್ಧದಷ್ಟಿದೆ.

ಹೇಮಪ್ಪ ನನ್ನ ಅಂಗಡಿಯ ಎದುರಿನ ದಲಾಲಿ ಅಂಗಡಿಯಲ್ಲಿ ಚೀಲ ಹೊಲಿಯುವವನು. ವಯಸ್ಸು ಐವತ್ತೇಳು. ಮೂವತ್ತೈದು ವರ್ಷದಿಂದ ಇದೇ ಕೆಲಸ. ಅವನ ದಬ್ಬಣ, ಅಂದರೆ ಗೋಣಿಚೀಲ ಹೊಲಿಯುವ ಗೇಣುದ್ದದ ಸೂಜಿ, ಅವನ ತಂದೆಯ ಕಾಲದ್ದು. ತುದಿ ಸ್ವಲ್ಪ ಬಾಗಿದೆ. ಕೆಲಸವಿಲ್ಲದಾಗ ಅದನ್ನು ತಲೆಯ ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡಿರುತ್ತಾನೆ. ಮಲಗುವಾಗಲೂ ತೆಗೆಯುವುದಿಲ್ಲವೆಂದು ಅವನ ಹೆಂಡತಿ ಬೀರವ್ವ ನಮ್ಮ ಮನೆಯಲ್ಲಿ ದೂರಿದ್ದುಂಟು.

ಒಣಮೆಣಸಿನಕಾಯಿ ಹಗುರ, ಹಾಗಾಗಿ ಅದರ ಚೀಲ ದೊಡ್ಡದು. ನಿಲ್ಲಿಸಿದರೆ ಆಳಿನ ಎದೆಮಟ್ಟ ಬರುತ್ತದೆ. ಬಾಯಿ ಮಡಚಿ ದಬ್ಬಣ ಚುಚ್ಚಿ, ಪ್ರತಿ ಹೊಲಿಗೆಗೂ ಸುತಳಿಯನ್ನು ತಲೆಯ ಮೇಲಿನ ತನಕ ಎಳೆಯಬೇಕು. ಕೈ ಮೇಲೇಳದಿದ್ದರೆ ಸುತಳಿ ಬಿಗಿಯಾಗುವುದಿಲ್ಲ. ಕಳೆದ ದೀಪಾವಳಿಯಿಂದ ಹೇಮಪ್ಪನ ಬಲಗೈ ಭುಜದ ಮೇಲಕ್ಕೆ ಏಳುವುದನ್ನು ನಿಲ್ಲಿಸಿತ್ತು. ಅಂಗಿ ಹಾಕಿಕೊಳ್ಳಲು ಬೀರವ್ವ ಬೇಕು, ತಲೆಗೆ ಎಣ್ಣೆ ಹಚ್ಚಲು ಬೀರವ್ವ ಬೇಕು, ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಇಲ್ಲ. ಅವನು ಯಾರಿಗೂ ಹೇಳಲಿಲ್ಲ. ತಾನೇ ಒಂದು ಉಪಾಯ ಕಂಡುಕೊಂಡ.

ಉಪಾಯ ಏನೆಂದರೆ, ದಬ್ಬಣ ಚುಚ್ಚುವುದು, ಸುತಳಿ ಹಿಡಿದು ನಾಲ್ಕು ಹೆಜ್ಜೆ ಹಿಂದೆ ಹಿಂದೆ ನಡೆಯುವುದು. ಸುತಳಿ ಬಿಗಿಯಾದ ಮೇಲೆ ನಾಲ್ಕು ಹೆಜ್ಜೆ ಮುಂದೆ ಬಂದು ಮತ್ತೆ ಚುಚ್ಚುವುದು. ಒಂದು ಚೀಲಕ್ಕೆ ಹನ್ನೆರಡು ಹೊಲಿಗೆ. ನಾನು ಅಂಗಡಿಯಲ್ಲಿ ಕುಳಿತು ನೋಡುತ್ತಿದ್ದೆ. ಸಂಜೆಯ ಹೊತ್ತಿಗೆ ಮನುಷ್ಯ ಪಕ್ಕದೂರು ಕದರಮಂಡಲಗಿಯ ತನಕ ನಡೆದಷ್ಟು ನಡೆದಿರುತ್ತಿದ್ದ, ಅದರಲ್ಲಿ ಅರ್ಧ ದಾರಿ ಹಿಮ್ಮುಖವಾಗಿ. ಒಮ್ಮೆ ಹೀಗೆ ಹಿಂದೆ ಬರುತ್ತ ಬರುತ್ತ ರಸ್ತೆ ದಾಟಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿಬಿಟ್ಟ. "ಏನು ಝೆರಾಕ್ಸ್ ಬೇಕಿತ್ತು ಕಾಕಾ?" ಎಂದು ಕೇಳಿದೆ. ನಾಚಿಕೊಂಡು ಇಳಿದುಹೋದ.

ದಲಾಲಿ ಅಂಗಡಿಯ ಸಾವ್ಕಾರನೂ ಕುರುಡನಲ್ಲ. ಒಂದು ದಿನ ಎಲ್ಲರ ಎದುರಿಗೇ ಹೇಳಿದ: "ಶಿವರಾತ್ರಿ ಆದ ಮ್ಯಾಲಿನ ಸೋಮವಾರ ದೊಡ್ಡ ಮಾರ್ಕೆಟ್ ಐತಿ. ಅವತ್ತಿನ ಚೀಲ ಅವತ್ತೇ ಲಾರಿ ಹತ್ತಬೇಕು. ಹತ್ತಿದ್ರ ಹೇಮಪ್ಪ ಇರ್ತಾನ. ಇಲ್ಲಂದ್ರ ಹೊಲಿಯೋ ಮಷೀನು ತರಸ್ತೇನಿ, ಹೇಮಪ್ಪ ಕಸಬರಿಗಿ ಹಿಡೀಲಿ."

ಹೇಮಪ್ಪ ರುಮಾಲಿನಲ್ಲಿದ್ದ ದಬ್ಬಣವನ್ನು ಮುಟ್ಟಿ ನೋಡಿಕೊಂಡ ಅಷ್ಟೇ.

ಅದೇ ವಾರ ರಾಣೆಬೆನ್ನೂರಿನ ಒಬ್ಬ ಡಾಕ್ಟರಮ್ಮ ನನ್ನ ಅಂಗಡಿಗೆ ಒಂದು ಕರಪತ್ರ ಕಳಿಸಿದಳು, ಐನೂರು ಪ್ರತಿ ಮಾಡಿಕೊಡಿ ಎಂದು. ಹೆಸರು ಡಾಕ್ಟರ್ ಮೇಘಾ. "ಅಕ್ಯುಪಂಕ್ಚರ್: ಎಂದೂ ಮಾಡಿಸಿಕೊಳ್ಳದವರಿಗಾಗಿ" ಎಂದು ಮೇಲೆ ದಪ್ಪಕ್ಷರ. ಕೂದಲಿನಷ್ಟು ತೆಳುವಾದ ಸೂಜಿ, ಒಮ್ಮೆ ಬಳಸಿದ್ದನ್ನು ಮತ್ತೊಬ್ಬರಿಗೆ ಬಳಸುವುದಿಲ್ಲ, ಸೂಜಿಯೊಳಗೆ ಔಷಧ ಇರುವುದಿಲ್ಲ, ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಅರ್ಧ ಗಂಟೆ ಅಲುಗಾಡದೆ ಮಲಗಬೇಕು, ಒಂದೇ ಸಲಕ್ಕೆ ಗುಣವಾಗಲೆಂದು ಬಯಸಬೇಡಿ, ಎಲ್ಲರಿಗೂ ಗುಣ ಕಂಡೇ ಕಾಣುತ್ತದೆಂದು ನಾವು ಹೇಳುವುದಿಲ್ಲ. ಕೊನೆಯ ಮಾತು ಓದಿ ನನಗೆ ಅವಳ ಮೇಲೆ ನಂಬಿಕೆ ಬಂತು. ಗುಣವಾಗದೇ ಇರಬಹುದೆಂದು ಹಣ ಕೊಟ್ಟು ಅಚ್ಚು ಹಾಕಿಸುವ ಡಾಕ್ಟರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೆಳಗೆ ಮೈತುಂಬ ಚುಕ್ಕೆಗಳಿರುವ ಒಬ್ಬ ಬೋಳು ಮನುಷ್ಯನ ಚಿತ್ರವಿತ್ತು.

ಒಂದು ಪ್ರತಿಯನ್ನು ಒಯ್ದು ಎದುರಿನ ಹಮಾಲರ ತಂಡಕ್ಕೆ ಓದಿ ಹೇಳಿದೆ. ತಂಡದ ಹಿರಿಯ ಹಾಲೇಶಪ್ಪ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. ಆಮೇಲೆ ಮಾರುಕಟ್ಟೆಯವರೆಲ್ಲ ಹೇಳುವ ಮಾತನ್ನೇ ಹೇಳಿದ: "ಮೊದಲ ಮಾದರಿ ನೋಡೂಣು."

ಮಾದರಿ ಎಂದರೆ ಬ್ಯಾಡಗಿಯಲ್ಲಿ ಆಟದ ಮಾತಲ್ಲ. ಖರೀದಿದಾರ ಚೀಲದ ಬಾಯಿಂದ ಒಂದು ಬೊಗಸೆ ಕಾಯಿ ತೆಗೆದು ಬಣ್ಣ ನೋಡುತ್ತಾನೆ, ಸುಕ್ಕು ನೋಡುತ್ತಾನೆ, ಮುರಿದು ಮೂಸುತ್ತಾನೆ. ಆ ಒಂದು ಬೊಗಸೆಗೆ ಬಂದ ದರವೇ ಇಡೀ ರಾಶಿಯ ದರ. ಆದ್ದರಿಂದ ಹೇಮಪ್ಪನನ್ನೂ ಹಿಡಿದು ಎಂಟು ಹಮಾಲರೂ ಕಸ ಗುಡಿಸುವ ಗದಿಗೆವ್ವನೂ ಸೇರಿ ಒಂಬತ್ತು ಜನರ ಆ ರಾಶಿಯಿಂದ ಒಬ್ಬರನ್ನು ಸೂಜಿಗೆ ಕಳಿಸುವುದು, ಅವರಿಗೆ ಬಂದ ಗುಣವನ್ನು ನೋಡಿ ಉಳಿದವರು ಹೋಗುವುದು ಎಂದು ತೀರ್ಮಾನವಾಯಿತು. ಹಾಲೇಶಪ್ಪ ಹೇಮಪ್ಪನ ಹೆಸರು ಹೇಳಿದ. "ನೀ ತೀರಾ ಚಲೋನೂ ಇಲ್ಲ, ತೀರಾ ಕೆಟ್ಟೂ ಇಲ್ಲ. ಮಾದರಿ ಅಂದ್ರ ನಡುವಿಂದಽ ಇರಬೇಕು," ಎಂದು ಕಾರಣ ಕೊಟ್ಟ.

ಹೇಮಪ್ಪ ಆ ಮಾತನ್ನು ಅಕ್ಷರಶಃ ತೆಗೆದುಕೊಂಡ. ಮಂಗಳವಾರ ಬೆಳಿಗ್ಗೆ, ಕರಪತ್ರದ ಹಿಂಬದಿಯಲ್ಲಿದ್ದ ಡಾಕ್ಟರಮ್ಮನ ಫಾರಂ ತುಂಬಲು ನನ್ನ ಅಂಗಡಿಗೆ ಬಂದಾಗ ಅವನ ಜೊತೆ ಇಡೀ ತಂಡ ಬಂದಿತ್ತು. "ತೊಂದರೆಗಳು" ಎಂದು ಬರೆದ ಜಾಗದಲ್ಲಿ ಒಬ್ಬೊಬ್ಬರೇ ಹೇಳುತ್ತ ಹೋದರು. ಚಂದ್ರಪ್ಪನ ಕುತ್ತಿಗೆ, ಹಾಲೇಶಪ್ಪನ ಮೊಣಕಾಲು, ಶಮಶೇರಸಾಬನ ಎದೆಯುರಿ, ಒಬ್ಬನ ಸೊಂಟ, ಒಬ್ಬನ ಮಲಬದ್ಧತೆ. ಗದಿಗೆವ್ವ ಎಲ್ಲರೂ ಹೊರಗೆ ಹೋಗುವ ತನಕ ಕಾದು, ಹೇಮಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಹೇಮಪ್ಪ ಅದನ್ನು ನನ್ನ ಕಿವಿಯಲ್ಲಿ ಹೇಳಿದ. ನಾನು ಬರೆದೆ. ಹೊರಗೆ ಗಿರಾಕಿಗಳು ಕಾಯುತ್ತಿದ್ದರು, ಬಸ್ಸಿನ ಹೊತ್ತಾಗಿತ್ತು, ನಾನು ತಿರುಗಿ ಓದಲಿಲ್ಲ. ನನ್ನ ತಪ್ಪು ಇಲ್ಲಿದೆ, ನೆನಪಿಡಿ.

ರಾಣೆಬೆನ್ನೂರಿಗೆ ನಾನೂ ಹೋದೆ. ಹೇಮಪ್ಪನಿಗೆ ಓದಲು ಬಾರದೆಂಬುದು ನೆಪ, ನೋಡುವ ಚಪಲ ನನ್ನದು. ಡಾಕ್ಟರ್ ಮೇಘಾಗೆ ಮೂವತ್ತರ ಆಸುಪಾಸು, ಹಾವೇರಿಯ ಹುಡುಗಿ, ಮಾತಿನಲ್ಲಿ ಡೌಲಿಲ್ಲ. ಹೇಮಪ್ಪನ ಎರಡೂ ಮಣಿಕಟ್ಟಿಗೆ ಮೂರು ಮೂರು ಬೆರಳಿಟ್ಟು ತುಂಬ ಹೊತ್ತು ನಾಡಿ ನೋಡಿದಳು. ನಾಲಿಗೆ ತೋರಿಸಿ ಎಂದಳು. ಅವನು ಎಲೆಅಡಿಕೆ ಹಾಕಿದ ನಾಲಿಗೆಯನ್ನು ಚಾಚಿದ. ಬ್ಯಾಡಗಿ ಕಾಯಿಗಿಂತ ಕೆಂಪಗಿತ್ತು.

"ನಾಲಿಗಿ ಬಣ್ಣ ನೋಡೇ ನಾವು ಅರ್ಧ ಹೇಳೂದು ಯಜಮಾನ್ರ. ಹೋಗಿ ಬಾಯಿ ತೊಳಕೊಂಡು ಬರ್ರಿ," ಎಂದಳು.

ತೊಳೆದುಕೊಂಡು ಬಂದ. ಅವಳು ಫಾರಂ ಓದತೊಡಗಿದಳು. ಕುತ್ತಿಗೆ, ಮೊಣಕಾಲು, ಎದೆಯುರಿ ಎಂದು ಓದುತ್ತ ಓದುತ್ತ ಅವಳ ಹುಬ್ಬು ಮೇಲೇರಿತು. ಕೊನೆಯ ಸಾಲಿಗೆ ಬಂದು ನಿಂತಳು.

"ಮುಟ್ಟು ನಿಂತ ಮ್ಯಾಲೆ ರಾತ್ರಿ ಮೈಯೆಲ್ಲ ಬೆಂಕಿ ಹತ್ತಿದಂಗ ಆಗತೈತಿ. ಇದು ಯಾರಿಗ್ರಿ?"

"ನನಗರಿ," ಎಂದ ಹೇಮಪ್ಪ.

"ಯಾವಾಗ ನಿಂತತ್ರಿ?"

"ಎರಡು ವರ್ಷ ಆತ್ರಿ ಬಾಯಾರ. ಬನ್ನಿಹಬ್ಬದಾಗ."

ಅವಳು ಪೆನ್ನು ಕೆಳಗಿಟ್ಟಳು. ನಾನು ಗೋಡೆಯ ಚಿತ್ರದಲ್ಲಿದ್ದ ಅದೇ ಚುಕ್ಕೆಗಳ ಬೋಳು ಮನುಷ್ಯನನ್ನು ನೋಡುತ್ತ ಕುಳಿತೆ. ಕೊನೆಗೆ ಮಾದರಿಯ ವಿಷಯವನ್ನು ನಾನೇ ಬಿಡಿಸಿ ಹೇಳಬೇಕಾಯಿತು. ಅವಳು ನಗಲಿಲ್ಲ, ಅದು ಅವಳ ದೊಡ್ಡತನ. "ನೋಡ್ರಿ ಯಜಮಾನ್ರ, ಯಾರ ಮೈ ಇಲ್ಲಿಗೆ ಬಂದಿರತೈತಿ, ಅವರಿಗೇ ಸೂಜಿ. ಅಂಗಿ ತಗೀರಿ," ಎಂದಳು.

ಅಂಗಿ ತೆಗೆಯಲು ಅವನಿಂದಾಗಲಿಲ್ಲ. ಬೀರವ್ವ ಅಲ್ಲಿರಲಿಲ್ಲ. ಎಡಗೈಯಿಂದ ತೋಳೆಳೆದು, ಬಗ್ಗಿ, ಗೋಡೆಗೆ ಒರಗಿ ಒದ್ದಾಡುವುದನ್ನು ಡಾಕ್ಟರಮ್ಮ ನೋಡಿದಳು.

"ಈ ಭುಜ ಹಿಡದು ಎಷ್ಟು ದಿನ ಆತ್ರಿ? ಫಾರಂನಾಗ ಬರದೇ ಇಲ್ಲಲ್ಲ?"

ನಾನು ಫಾರಂ ಕಸಿದುಕೊಂಡು ನೋಡಿದೆ. ಖರೇನೇ ಇರಲಿಲ್ಲ. ಎಂಟು ಜನರ ನೋವು ಬರೆದಿದ್ದೆ, ಒಂಬತ್ತನೆಯವನದು ಬರೆದಿರಲಿಲ್ಲ.

"ಅದು ನಂದ್ರಿ," ಎಂದ ಹೇಮಪ್ಪ, ಏನೋ ಕದ್ದು ಸಿಕ್ಕಿಬಿದ್ದವನ ಹಾಗೆ. "ನಾ ಇವತ್ತು ನನ್ನ ಸಲುವಾಗಿ ಬಂದಿಲ್ರಿ."

ಡಾಕ್ಟರಮ್ಮ ವಿವರಿಸಿದಳು. ಬಲಭುಜಕ್ಕೆ ಎಡಗಾಲಿನ ಮೊಣಕಾಲಿನ ಕೆಳಗೆ, ಮೀನಖಂಡದ ಪಕ್ಕ ಒಂದು ಜಾಗವಿದೆ, ಅಲ್ಲಿ ಸೂಜಿ ಹಾಕಿ ನೋಡಬಹುದು ಎಂದಳು. ಹೇಮಪ್ಪನಿಗೆ ಮೊದಲು ಇದು ತಮಾಷೆ ಎನಿಸಿತು. "ಹರದದ್ದು ಇಲ್ಲಿ, ಹೊಲಿಯೋದು ಅಲ್ಲೇನ್ರಿ?" ಎಂದು ಕೇಳಿದ. ಆಮೇಲೆ ಗಂಭೀರವಾಗಿ, ಅದು ಬೇಡವೇ ಬೇಡ ಎಂದ. ಅದು ತನಗೊಬ್ಬನಿಗೇ ಆಗುತ್ತದೆ, ಎಲ್ಲರಿಗೂ ಆಗುವಂಥದ್ದು ಯಾವುದಾದರೂ ಇದ್ದರೆ ಹಾಕಿ ಎಂದ. ಅವಳು ಎಷ್ಟು ಹೇಳಿದರೂ ಜಗ್ಗಲಿಲ್ಲ. ಸೋತು, ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸಕ್ಕೆ, ಎರಡೂ ಮೊಣಕಾಲಿನ ಚಿಪ್ಪಿನ ಕೆಳಗೆ, ಪಾದದ ಮೇಲೆ ಸೂಜಿ ಹಾಕಿದಳು. ಇವು ಸಾಮಾನ್ಯವಾಗಿ ಯಾರಿಗೇ ಆದರೂ ಹಾಕುವ ಜಾಗಗಳಂತೆ.

ಒಂದು ಸಣ್ಣ ಕೊಳವೆಯಿಟ್ಟು ಬೆರಳಿಂದ ತಟ್ಟುತ್ತಾಳೆ, ಸೂಜಿ ಒಳಗೆ. ರಕ್ತವಿಲ್ಲ. ಇರುವೆ ಕಚ್ಚಿದಷ್ಟೂ ಇಲ್ಲವೆಂದು ಹೇಮಪ್ಪ ಹೇಳಿದ, ಆದರೆ ಸ್ವಲ್ಪ ಹೊತ್ತಿಗೆ ಆ ಜಾಗವೆಲ್ಲ ಭಾರವಾಗಿ ಜುಂ ಎನ್ನತೊಡಗಿತಂತೆ. ಅದು ಸರಿಯಾದ ಲಕ್ಷಣವೇ ಎಂದಳು ಡಾಕ್ಟರಮ್ಮ. ಅವನು ಕಣ್ಣು ತೆರೆದು ಕೈಮೇಲಿನ ಸೂಜಿಯನ್ನೇ ನೋಡುತ್ತಿದ್ದ.

"ಬಾಯಾರ, ಒಂದು ಮಾತು ಕೇಳ್ಲೇನ್ರಿ?"

"ಕೇಳ್ರಿ."

"ದಾರ ಎಲ್ಲೈತ್ರಿ?"

ಮೂವತ್ತೈದು ವರ್ಷ ಸೂಜಿ ಹಿಡಿದವನ ಪ್ರಶ್ನೆ. ಸುತಳಿಯಿಲ್ಲದ ದಬ್ಬಣ ಚೀಲಕ್ಕೆ ತೂತು ಮಾಡುತ್ತದೆ, ಅಷ್ಟೇ. ದಾರವಿಲ್ಲದೆ ಏನು ಬಿಗಿಯಾದೀತು ಎಂಬುದು ಅವನಿಗೆ ತಿಳಿಯಲೇ ಇಲ್ಲ. ಡಾಕ್ಟರಮ್ಮ ವಿವರಿಸಲು ಬಾಯಿ ತೆರೆಯುವುದರೊಳಗೆ ಅವನು ಗೊರಕೆ ಹೊಡೆಯತೊಡಗಿದ. ದೀಪಾವಳಿಯಾದ ಮೇಲೆ ಅವನು ಸರಿಯಾಗಿ ನಿದ್ದೆ ಮಾಡಿದ್ದು ಆ ಅರ್ಧ ಗಂಟೆಯೇ ಎಂದು ಆಮೇಲೆ ಬೀರವ್ವನಿಂದ ತಿಳಿಯಿತು.

ಮರುದಿನ ತಂಡದವರು ಮಾದರಿ ನೋಡಿದರು. ಹೇಮಪ್ಪನನ್ನು ಬೆಳಕಿಗೆ ನಿಲ್ಲಿಸಿ, ಕಣ್ಣ ರೆಪ್ಪೆ ಎಳೆದು, ಕೈಯ ಚರ್ಮ ಚಿವುಟಿ, ಸುತ್ತ ತಿರುಗಿಸಿ ನೋಡಿದರು. ಶಮಶೇರಸಾಬ ಹತ್ತಿರ ಬಂದು ಮೂಸಿಯೂ ನೋಡಿದ. "ಬಣ್ಣ ಬಂದೈತಿ," ಎಂದ ಹಾಲೇಶಪ್ಪ. ಒಳ್ಳೆಯ ನಿದ್ದೆ ಮಾಡಿದವನ ಮುಖಕ್ಕೆ ಬಣ್ಣ ಬರದೆ ಇನ್ನೇನು?

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮಾದರಿಗೆ ದರ ಬಂದರೆ ರಾಶಿಗೂ ಬಂದ ಹಾಗಲ್ಲವೇ? ಸಂಜೆಯ ಹೊತ್ತಿಗೆ ಚಂದ್ರಪ್ಪ ತನ್ನ ಕುತ್ತಿಗೆ ಹಗುರಾಗಿದೆ ಎಂದ. ಶಮಶೇರಸಾಬ ಮಿರ್ಚಿ ಭಜಿ ತಿಂದರೂ ಎದೆ ಉರಿಯಲಿಲ್ಲವೆಂದ. ಗದಿಗೆವ್ವ ಬಂದು, "ತಮ್ಮಾ, ನಿನ್ನೆ ರಾತ್ರಿ ಚಾದರ ಹೊದ್ದು ಮಲಗೇನಿ ನೋಡು," ಎಂದು ನನಗೆ ಹೇಳಿ ಹೋದಳು. ಯಾರೂ ರಾಣೆಬೆನ್ನೂರಿಗೆ ಹೋಗುವ ಮಾತೆತ್ತಲಿಲ್ಲ. ಹೋಗುವುದು ಯಾಕೆ, ಹೇಮಪ್ಪ ಇದ್ದಾನಲ್ಲ! ಮುಂದಿನ ಮಂಗಳವಾರ ಅವನ ಕೈಯಲ್ಲಿ ಹೊಸ ನೋವುಗಳ ಪಟ್ಟಿ ಕೊಟ್ಟು ಕಳಿಸಿದರು. ಅದರ ಮುಂದಿನ ವಾರ ಕುಪ್ಪೇಲೂರಿನಿಂದ ಯಾರದೋ ಬೀಗರು ಬಂದು, ತಮ್ಮ ಹಲ್ಲುನೋವನ್ನೂ ಒಯ್ಯಿರಿ ಎಂದು ಕೇಳಿದರು. ಹೇಮಪ್ಪ ಅದನ್ನೂ ಒಯ್ದ.

ಅವನ ಕೈ ಮಾತ್ರ ಇದ್ದಲ್ಲೇ ಇತ್ತು. ನಾಲ್ಕು ಮಂಗಳವಾರ ಕಳೆದವು, ಶಿವರಾತ್ರಿ ಬಂತು. ಡಾಕ್ಟರಮ್ಮ ಪ್ರತಿ ಸಲವೂ ಎಡಗಾಲಿನ ಮೀನಖಂಡ ತೋರಿಸಿ ಕೇಳುತ್ತಿದ್ದಳು, ಇವನು ಪ್ರತಿ ಸಲವೂ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದ. ನಾಲ್ಕನೆಯ ಸಲ ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ.

"ಕಾಕಾ, ನಿನ್ನ ತಲಿ ನೆಟ್ಟಗೈತೇನು? ಸೋಮವಾರ ನಿನ್ನ ದಬ್ಬಣ ಹೋಗತೈತಿ. ಊರ ಮಂದಿ ಹಲ್ಲು ಕುತಿಗಿ ಹೊತ್ಕೊಂಡು ಅಡ್ಯಾಡ್ತಿ, ನಿಂದೊಂದು ಭುಜ ಹೇಳಾಕ ಏನು ರೋಗ?"

ಅವನು ಕಿಟಕಿಯ ಹೊರಗೆ ನೋಡುತ್ತ ಸಮಾಧಾನದಿಂದ ಹೇಳಿದ: "ಮಾದರಿ ಕಾಯಿ ರಾಶೀದು ತಮ್ಮಾ. ಅದರಾಗ ಚಲೋ ಕಾಯಿ ಆರಿಸಿ ಕಿಸೇದಾಗ ಹಾಕ್ಕೊಂಡ್ರ ಅದಕ್ಕ ಕಳ್ಳತನ ಅಂತಾರ. ಮಂದಿ ನನ್ನ ನಂಬಿ ಕಳಸ್ಯಾರ."

"ಹಂಗಾದ್ರ ಸೋಮವಾರ ಏನು ಮಾಡ್ತಿ?"

ಅವನು ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತಿದ್ದ. ಕಣ್ಣಲ್ಲಿ ನೀರಿತ್ತು. ನನಗೆ ಅವನನ್ನು ಹೊಡೆಯಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಟಿಕೆಟ್ ತೆಗೆಸಿದೆ.

ಊರಿಗೆ ಬಂದವನೇ ಹಾಲೇಶಪ್ಪನನ್ನು ಅಂಗಡಿಯೊಳಗೆ ಕರೆದು ನಾಲ್ಕು ವಾರದ ಫಾರಂಗಳನ್ನೂ ತೋರಿಸಿದೆ. ನಾನು ಓದಿ ಹೇಳುತ್ತಿದ್ದಂತೆ ಅವನು ಹಣೆ ಬಡಿದುಕೊಂಡ.

"ನಾವು ಅವನ್ನ ಕಳಿಸಿದ್ದೇ ಆ ಭುಜದ ಸಲುವಾಗಿ! ನಿನ್ನ ಭುಜ ತೋರಿಸ್ಕೊಂಡು ಬಾ ಅಂದ್ರ ಅಂವ ಹೋಗಾಂವಲ್ಲ ಅಂತ ಮಾದರಿ ಅಂದೆ."

"ಹಂಗಂತ ಈಗ ಹೇಳು."

"ಈಗ ಹೇಳಿದ್ರ, ನನ್ನ ಮ್ಯಾಲೆ ಕನಿಕರ ಮಾಡಿದ್ರಿ ಅಂತ ದಬ್ಬಣ ಇಟ್ಟು ಹೋಗ್ತಾನ. ನಿನಗ ಅವನ ಗುಣ ಗೊತ್ತಿಲ್ಲ."

ಸೋಮವಾರ ಬಂತು. ಮಾರುಕಟ್ಟೆ ಕೆಂಪಾಗಿ ತುಂಬಿತ್ತು, ನನ್ನ ಯಂತ್ರ ಕೂಡ ಸೀನುವಷ್ಟು ಘಾಟು. ಮಧ್ಯಾಹ್ನ ಚೀಲ ತುಂಬತೊಡಗಿದರು. ಸಾವ್ಕಾರ ಕುರ್ಚಿ ಹಾಕಿಸಿಕೊಂಡು ಕುಳಿತ. ಹೇಮಪ್ಪ ರುಮಾಲಿನಿಂದ ದಬ್ಬಣ ತೆಗೆದು, ಮೊದಲ ಚೀಲಕ್ಕೆ ಚುಚ್ಚಿ, ಹಿಂದೆ ನಡೆಯಲು ಹೆಜ್ಜೆಯೆತ್ತಿದ.

ಆಗ ಚಂದ್ರಪ್ಪ ಮತ್ತು ಶಮಶೇರಸಾಬ ಬಂದು ಚೀಲದ ಎರಡು ಬದಿಗೆ ಬಲಭುಜ ಕೊಟ್ಟು ಅದನ್ನು ಓರೆಯಾಗಿಸಿ ಹಿಡಿದರು. ಚೀಲದ ಬಾಯಿ ಹೇಮಪ್ಪನ ಸೊಂಟದ ಮಟ್ಟಕ್ಕೆ ಬಂತು. ಈಗ ಸುತಳಿಯನ್ನು ಮೇಲಕ್ಕಲ್ಲ, ಪಕ್ಕಕ್ಕೆ ಎಳೆದರೆ ಸಾಕಿತ್ತು. ಹೇಮಪ್ಪ ಅವರ ಮುಖ ನೋಡಿದ.

"ಏನು ನೋಡ್ತಿ? ಹೊಲಿ ಲಗೂ," ಎಂದ ಚಂದ್ರಪ್ಪ. "ಕುತಿಗಿ ಹಗುರಾಗೈತಿ, ಸುಮ್ನ ನಿಲ್ಲಾಕ ಆಗವಲ್ತು."

ಹೇಮಪ್ಪ ಹೊಲಿದ. ಚೀಲದ ಮೇಲೆ ಚೀಲ, ಸಂಜೆಯ ತನಕ ಹೊಲಿದ. ಹಾಗೆ ಓರೆ ಹಿಡಿದು ಹೊಲಿಯುವುದನ್ನು ಬ್ಯಾಡಗಿಯಲ್ಲಿ ಯಾರೂ ಕಂಡಿರಲಿಲ್ಲ. ಪಕ್ಕದ ಅಂಗಡಿಯವರು ಬಂದು ಇದು ಹೊಸ ಪದ್ಧತಿಯೇ ಎಂದು ಕೇಳಿದರು. ಹೌದು, ರಾಣೆಬೆನ್ನೂರಿನದು ಎಂದ ಹಾಲೇಶಪ್ಪ. ಕೊನೆಯ ಚೀಲ ಲಾರಿ ಹತ್ತಿದಾಗ ಇನ್ನೂ ಬೆಳಕಿತ್ತು. ಸಾವ್ಕಾರ ಕುರ್ಚಿ ಮಡಚಿಸಿ ಒಳಗೆ ಹೋದ. ಮಷೀನಿನ ಸುದ್ದಿ ಎತ್ತಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಚಂದ್ರಪ್ಪ, ಶಮಶೇರಸಾಬ ಇಬ್ಬರೂ ನನ್ನ ಅಂಗಡಿಗೆ ಬಂದರು. ಹಿಂದೆ ಹೇಮಪ್ಪನೂ ಇದ್ದ.

"ನಾಳಿನ ಫಾರಂ ಬರಿ," ಎಂದ ಚಂದ್ರಪ್ಪ. "ಭುಜ ಹಿಡದೈತಿ. ಕೈ ಮ್ಯಾಲೆ ಏಳವಲ್ದು."

"ನಂದೂ ಅದಽ," ಎಂದ ಶಮಶೇರಸಾಬ. ಅವನು ಎಡಭುಜ ಒತ್ತಿಕೊಳ್ಳುತ್ತಿದ್ದ. ದಿನವಿಡೀ ಚೀಲ ಹೊತ್ತದ್ದು ಬಲಭುಜದ ಮೇಲೆ. ನಾನು ಅವನ ಮುಖ ನೋಡಿದೆ, ಅವನು ಗೋಡೆಯ ಕ್ಯಾಲೆಂಡರ್ ನೋಡಿದ. ನಾನು ಬರೆದೆ: ಭುಜ, ಇಬ್ಬರದು.

"ಹೇಮಪ್ಪಾ, ಭುಜ ಅಂದ್ರ ಭುಜ," ಎಂದ ಚಂದ್ರಪ್ಪ. "ಆ ಡಾಕ್ಟರಬಾಯಿ ಎಲ್ಲಿ ಚುಚ್ಚತೇನಿ ಅಂತಾಳ, ಅಲ್ಲೇ ಚುಚ್ಚಿಸ್ಕೊಂಡು ಬಾ. ನಮಗ ಆರಾಮ ಆಗಬೇಕು."

"ಆಗ್ಲಿ," ಎಂದ ಹೇಮಪ್ಪ.

ಮರುದಿನ ಡಾಕ್ಟರಮ್ಮ ಫಾರಂ ಓದಿ ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ. ಹೇಮಪ್ಪ ತಾನಾಗಿಯೇ ಎಡಗಾಲಿನ ಧೋತರ ಮೇಲೆತ್ತಿ ಕುಳಿತ. ಸೂಜಿ ಇಳಿಯಿತು. ಅವಳು ಅದನ್ನು ಬೆರಳ ನಡುವೆ ಹಗುರಾಗಿ ಹೊರಳಿಸುತ್ತ, "ಈಗ ಬಲಗೈ ಸಾವಕಾಶ ಎತ್ರಿ ಯಜಮಾನ್ರ. ನೋವಾದ್ರ ನಿಲ್ರಿ," ಎಂದಳು.

ಕೈ ಎದೆಮಟ್ಟಕ್ಕೆ ಬಂತು. ಭುಜದ ಮಟ್ಟಕ್ಕೆ ಬಂತು. ಅಲ್ಲಿ ನಿಂತು ನಡುಗಿತು. ಆಮೇಲೆ ಇನ್ನೂ ನಾಲ್ಕು ಬೆರಳು ಮೇಲೆ ಹೋಗಿ, ಕಿವಿಯ ಹತ್ತಿರ ಬಂದು ನಿಂತಿತು. ಅಷ್ಟೇ, ಪೂರ್ತಿ ಏಳಲಿಲ್ಲ. ಇನ್ನೂ ಏಳೆಂಟು ಸಲ ಬರಬೇಕು, ಮನೆಯಲ್ಲಿ ದಿನಾ ವ್ಯಾಯಾಮ ಮಾಡಬೇಕು ಎಂದು ಡಾಕ್ಟರಮ್ಮ ಹೇಳುತ್ತಿದ್ದಳು. ಹೇಮಪ್ಪ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಗಲ್ಲದ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಕಿವಿಯ ಪಕ್ಕ ನಿಂತ ತನ್ನ ಕೈಯನ್ನೇ ನೋಡುತ್ತ ನನ್ನನ್ನು ಕರೆದ.

"ನೋಡಿಲ್ಲಿ ತಮ್ಮಾ, ಚಂದ್ರಪ್ಪನ ಕೈ ಎಷ್ಟು ಮ್ಯಾಲೆ ಹೋತು!"